ಸತ್ತ ದಿನ ಗೊತ್ತಿಲ್ಲದ ಮಗನಿಗೆ ಯಾವತ್ತು ತಿಥಿ?

ನಮ್ಮ ಊರುಗಳಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಆ ದಿನದ ತಿಥಿ ನೆನಪಿಟ್ಟುಕೊಳ್ಳುತ್ತಾರೆ. ವಿಯೆಟ್ನಾಮಿನಲ್ಲೂ ಹಾಗೆಯೇ. ಚಂದ್ರನ ಲೆಕ್ಕದ ಪಂಚಾಂಗ ನೋಡಿ ವರ್ಷಕ್ಕೊಮ್ಮೆ ಸತ್ತವರ ದಿನ ಮಾಡುತ್ತಾರೆ. ಫೋಟೊ ಮುಂದೆ ಊದುಬತ್ತಿ, ಹಣ್ಣು, ಅನ್ನ, ಸತ್ತವರಿಗೆ ಇಷ್ಟವಾಗಿದ್ದ ಅಡುಗೆ ಇಡುತ್ತಾರೆ. ಆಮೇಲೆ ಬಂಧುಗಳೆಲ್ಲ ಕೂತು ಉಣ್ಣುತ್ತಾರೆ. ಇದಕ್ಕೆ ಅವರು ‘ಜೋ’ ಎನ್ನುತ್ತಾರೆ.

ಆದರೆ ಸತ್ತ ದಿನವೇ ಗೊತ್ತಿಲ್ಲದಿದ್ದರೆ?

ಸಮುದ್ರದಲ್ಲಿ ಕಾಣೆಯಾದವರಿಗಾಗಿ ವಿಯೆಟ್ನಾಮಿನ ಅನೇಕ ಕುಟುಂಬಗಳು ಒಂದು ದಾರಿ ಕಂಡುಕೊಂಡವು. ಅವರು ಮನೆ ಬಿಟ್ಟು ಹೊರಟ ದಿನವನ್ನೇ ಸತ್ತ ದಿನ ಎಂದು ಇಟ್ಟುಕೊಂಡವು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವೆಸ್ಟ್‌ಮಿನ್‌ಸ್ಟರ್, ಗಾರ್ಡನ್ ಗ್ರೋವ್ ಎಂಬ ಊರುಗಳ ಸುತ್ತ ‘ಲಿಟಲ್ ಸೈಗಾನ್’ ಇದೆ. ವಿಯೆಟ್ನಾಮಿನಿಂದ ಬಂದವರೇ ಕಟ್ಟಿಕೊಂಡ ಪೇಟೆ. ಅಲ್ಲಿ ಎಂಬತ್ತೆಂಟು ದಾಟಿದ, ಹಾಸಿಗೆ ಹಿಡಿದ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಈ ಅಜ್ಜಿ ಯಾರೋ ಒಬ್ಬರಲ್ಲ. ಆ ತಲೆಮಾರಿನ ಸಾವಿರಾರು ಜನರ ಬದುಕನ್ನು ಸೇರಿಸಿ ನಾನು ಮಾಡಿಕೊಂಡ ಚಿತ್ರ. ಆದರೆ ಅವರು ದಾಟಿ ಬಂದ ಇತಿಹಾಸ ನಿಜವಾದದ್ದು.

ಅಜ್ಜಿ ಹುಟ್ಟಿದ್ದು ಉತ್ತರ ವಿಯೆಟ್ನಾಮಿನ ಹಳ್ಳಿಯಲ್ಲಿ. ಏಳೆಂಟು ವರ್ಷದವಳಿದ್ದಾಗ 1945ರ ಬರಗಾಲ ಬಂತು. ಆಗ ಅಲ್ಲಿ ಫ್ರೆಂಚರ ಆಳ್ವಿಕೆ, ಅದರ ಮೇಲೆ ಜಪಾನಿನ ಸೈನ್ಯ. ಭತ್ತದ ಗದ್ದೆಗಳಲ್ಲಿ ಬಲವಂತವಾಗಿ ಸೆಣಬು ಬೆಳೆಸಿದ್ದರು. ಇದ್ದ ಅಕ್ಕಿಯನ್ನೂ ಎಳೆದುಕೊಂಡು ಹೋದರು. ಹಸಿವಿನಿಂದ ಸತ್ತವರ ಲೆಕ್ಕವನ್ನು 4 ಲಕ್ಷದಿಂದ 20 ಲಕ್ಷದವರೆಗೆ ಹೇಳುತ್ತಾರೆ. ಲೆಕ್ಕದಲ್ಲಿ ಇಷ್ಟು ಅಂತರ ಇದೆ ಅಂದರೆ, ಎಷ್ಟೋ ಸಾವುಗಳನ್ನು ಯಾರೂ ಬರೆದಿಡಲಿಲ್ಲ ಎಂದೇ ಅರ್ಥ.

1954ರಲ್ಲಿ ಫ್ರೆಂಚರು ಸೋತರು. ಜಿನೀವಾ ಒಪ್ಪಂದದಂತೆ 17ನೇ ಅಕ್ಷಾಂಶದ ಹತ್ತಿರ ದೇಶ ಎರಡಾಯಿತು. ಬೇಕಾದವರು 300 ದಿನಗಳ ಒಳಗೆ ಆ ಕಡೆಗೋ ಈ ಕಡೆಗೋ ಹೋಗಬಹುದಿತ್ತು. ಇದನ್ನು ನೋಡಿಕೊಳ್ಳಲು ಮಾಡಿದ ಅಂತರರಾಷ್ಟ್ರೀಯ ಆಯೋಗಕ್ಕೆ ನಮ್ಮ ಭಾರತವೇ ಅಧ್ಯಕ್ಷ. ಕೆನಡಾ, ಪೋಲೆಂಡ್ ಸದಸ್ಯರು. 8 ಲಕ್ಷಕ್ಕೂ ಹೆಚ್ಚು ಜನ ಉತ್ತರ ಬಿಟ್ಟು ದಕ್ಷಿಣಕ್ಕೆ ಬಂದರು. ಅವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಎರಡು ವರ್ಷದಲ್ಲಿ ಚುನಾವಣೆ ನಡೆದು ದೇಶ ಒಂದಾಗಬೇಕಿತ್ತು. ಚುನಾವಣೆ ನಡೆಯಲಿಲ್ಲ, ಯುದ್ಧ ನಡೆಯಿತು. ನಮ್ಮ ಅಜ್ಜಿಯ ತಂದೆ ತಾಯಿ ಉತ್ತರದಲ್ಲೇ ಉಳಿದರು. ಆಕೆ ಮತ್ತೆ ಅವರ ಮುಖ ನೋಡಲಿಲ್ಲ.

1975ರ ಏಪ್ರಿಲ್ 30ರಂದು ಸೈಗಾನ್ ಉತ್ತರದವರ ಕೈಗೆ ಬಂತು. ದಕ್ಷಿಣದ ಸೈನ್ಯದಲ್ಲಿದ್ದ ಅಧಿಕಾರಿಗಳಿಗೆ ಒಂದು ತಿಂಗಳಿಗಾಗುವಷ್ಟು ಸಾಮಾನು ಹಿಡಿದು ‘ಮರುಶಿಕ್ಷಣ’ಕ್ಕೆ ಬನ್ನಿ ಎಂದು ಹೊಸ ಸರ್ಕಾರ ಹೇಳಿತು. ಅಜ್ಜಿಯ ಗಂಡನೂ ಹೋದರು. ಆ ಒಂದು ತಿಂಗಳು ಅನೇಕರಿಗೆ ಐದು, ಹತ್ತು ವರ್ಷವಾಯಿತು. ಕೆಲವರಿಗೆ ಹದಿನೈದನ್ನೂ ದಾಟಿತು.

ಆಗಲೇ ಜನ ದೋಣಿ ಹತ್ತಲು ಶುರು ಮಾಡಿದ್ದು. ಚಿನ್ನ ಕೊಟ್ಟು ಜಾಗ ಹಿಡಿಯಬೇಕಿತ್ತು. ಎಲ್ಲರಿಗೂ ಆಗುವಷ್ಟು ಚಿನ್ನ ಇಲ್ಲದ ಮನೆಗಳಲ್ಲಿ ಒಬ್ಬ ಮಗನನ್ನಾದರೂ ಕಳಿಸೋಣ ಎಂದುಕೊಂಡರು. ಸೇರಿಕೊಂಡರೆ ಮಲೇಷ್ಯಾದಿಂದಲೋ ಥಾಯ್ಲೆಂಡಿನಿಂದಲೋ ತಂತಿ ಬರುತ್ತಿತ್ತು. ಮಲೇಷ್ಯಾದ ಪುಟ್ಟ ಬಿಡಾಂಗ್ ದ್ವೀಪದಲ್ಲಿ 1979ರಲ್ಲಿ ಸುಮಾರು 40,000 ಜನ ತುಂಬಿದ್ದರು. 1975ರಿಂದ 1995ರವರೆಗೆ ಸುಮಾರು 8 ಲಕ್ಷ ಜನ ದೋಣಿಯಲ್ಲಿ ದಡ ಮುಟ್ಟಿದರು. ಬಿರುಗಾಳಿ, ಬಾಯಾರಿಕೆ, ಕಡಲ್ಗಳ್ಳರ ಬಾಯಿಗೆ ಸಿಕ್ಕಿದವರಿಗೆ ಸರಿಯಾದ ಲೆಕ್ಕವಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಎಂಬ ಅಂದಾಜು ಇದೆ.

ಅಜ್ಜಿಯ ಹದಿನೇಳರ ಮಗ ಹೊರಟ. ತಂತಿ ಬರಲಿಲ್ಲ.

1989ರಲ್ಲಿ ಅಮೆರಿಕ, ವಿಯೆಟ್ನಾಂ ಒಂದು ಒಪ್ಪಂದಕ್ಕೆ ಬಂದವು. ಶಿಬಿರದಲ್ಲಿ ಮೂರು ವರ್ಷವಾದರೂ ಕಳೆದವರು ಕುಟುಂಬದ ಜೊತೆ ಅಮೆರಿಕಕ್ಕೆ ಹೋಗಬಹುದು ಎಂದಾಯಿತು. ಅಜ್ಜಿ, ಗಂಡ, ಉಳಿದ ಮಕ್ಕಳು ಹೀಗೆ ವಿಮಾನ ಹತ್ತಿದರು. ಸಾಮಾನಿನಲ್ಲಿ ಮಗನ ಫೋಟೊ ಇತ್ತು.

ಗೆದ್ದವರ ಮನೆಯಲ್ಲೂ ಇದೇ ಕತೆ. ಉತ್ತರದ ಕಡೆ ಹೋರಾಡಿ ಸತ್ತ ಲಕ್ಷಾಂತರ ಸೈನಿಕರ ಮೂಳೆ ಇವತ್ತಿಗೂ ಸಿಕ್ಕಿಲ್ಲ, ಸಿಕ್ಕಿದರೂ ಯಾರದೆಂದು ಗೊತ್ತಾಗಿಲ್ಲ. ಹುತಾತ್ಮರ ದಿನವಾದ ಜುಲೈ 27ರಂದೇ ಅಲ್ಲಿನ ಎಷ್ಟೋ ತಾಯಂದಿರು ಮಗನ ತಿಥಿ ಮಾಡಿದರು. ಒಬ್ಬಳಿಗೆ ಮಗ ಹೊರಟ ದಿನ, ಇನ್ನೊಬ್ಬಳಿಗೆ ಸರ್ಕಾರ ಗುರುತಿಸಿದ ದಿನ. ಇಬ್ಬರ ಕೈಯಲ್ಲೂ ದೇಹವಿಲ್ಲ.

ಸಮುದ್ರದಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸುವುದೂ ಸುಲಭವಾಗಲಿಲ್ಲ. ಇಂಡೋನೇಷ್ಯಾದ ಗಲಾಂಗ್ ದ್ವೀಪದಲ್ಲಿ ಹಳೆಯ ನಿರಾಶ್ರಿತರು ಇಟ್ಟ ಸ್ಮಾರಕ ಫಲಕವನ್ನು ವಿಯೆಟ್ನಾಂ ಸರ್ಕಾರದ ಆಕ್ಷೇಪದ ಮೇಲೆ 2005ರಲ್ಲಿ ತೆಗೆದುಹಾಕಿದರು. 2009ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಸ್ಮಶಾನದಲ್ಲಿ ದೋಣಿ ಜನರ ಸ್ಮಾರಕ ಬಂತು. ಕಲ್ಲುಗಳ ಮೇಲೆ ಸತ್ತವರ ಹೆಸರು ಕೆತ್ತಿದ್ದಾರೆ.

ಈಗ ಅಜ್ಜಿಯ ಹಾಸಿಗೆಯ ಪಕ್ಕ ಮೊಮ್ಮಗಳು ಕೂತಿದ್ದಾಳೆ. ಅವಳ ಭಾಷೆ ಇಂಗ್ಲಿಷ್. ಮರೆವು ಹಿಡಿದ ವಯಸ್ಸಾದವರಲ್ಲಿ ಹಲವರಿಗೆ ಕೊನೆಯಲ್ಲಿ ಕಲಿತ ಭಾಷೆ ಮೊದಲು ಅಳಿಸಿ, ತಾಯಿನುಡಿ ಉಳಿಯುತ್ತದೆ. ಆ ತಾಯಿನುಡಿಯಲ್ಲಿ ಹಿರಿಯರು ಮಕ್ಕಳ ಜೊತೆ ‘ನಾನು, ನೀನು’ ಎಂದು ಮಾತಾಡುವುದು ಕಡಿಮೆ. ಅಜ್ಜಿ ತನ್ನನ್ನು ‘ಅಜ್ಜಿ’ ಎಂದೇ, ಎದುರಿನವಳನ್ನು ‘ಮಗು’ ಎಂದೇ ಕರೆಯುತ್ತಾಳೆ. ಇಂಗ್ಲಿಷಿನಲ್ಲಿ ಆ ನಂಟು ಮಾತಿಗೆ ಬರುವುದಿಲ್ಲ. ಇಷ್ಟು ವರ್ಷ ಯುದ್ಧದ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ದೊಡ್ಡವರು ಮಕ್ಕಳಿಗೆ ನೋವು ಬೇಡ ಎಂದು ಸುಮ್ಮನಿದ್ದರು. ಮಕ್ಕಳು ದೊಡ್ಡವರಿಗೆ ನೋವಾದೀತು ಎಂದು ಕೇಳಲಿಲ್ಲ.

ಅಜ್ಜಿ ಹೋದರೆ ಆಸ್ಪತ್ರೆಯವರು ದಿನ, ಗಂಟೆ, ನಿಮಿಷ ಎಲ್ಲ ಬರೆದುಕೊಡುತ್ತಾರೆ. ಆಕೆಯ ತಿಥಿ ಯಾವಾಗ ಎಂಬ ಅನುಮಾನ ಯಾರಿಗೂ ಬರುವುದಿಲ್ಲ. ಆದರೆ ಮಗ ಹೊರಟ ದಿನ ಯಾವ ಕಾಗದದಲ್ಲೂ ಇಲ್ಲ. ಯಾವ ತಿಂಗಳು, ಅಮಾವಾಸ್ಯೆಗೆ ಎಷ್ಟು ದಿನವಿತ್ತು, ಅವತ್ತು ಅವನು ಏನು ಉಂಡು ಹೋದ, ಇದೆಲ್ಲ ಇರುವುದು ಅಜ್ಜಿಯ ತಲೆಯಲ್ಲಿ ಮಾತ್ರ. ಮೊಮ್ಮಗಳು ಇವತ್ತು ಕೇಳಿ ಫೋನಿನಲ್ಲಿ ಬರೆದುಕೊಂಡರೆ ಮುಂದಿನ ವರ್ಷವೂ ಆ ಫೋಟೊ ಮುಂದೆ ಒಂದು ತಟ್ಟೆ ಅನ್ನ ಇರುತ್ತದೆ.