ಬಂಧಿತ ಅಯಾನುಗಳು ಮತ್ತು ಕ್ವಾಂಟಂ ಅನುಕರಣೆ

ಅಯಸ್ಕಾಂತದೊಳಗಿನ ಪ್ರತಿಯೊಂದು ಪರಮಾಣುವೂ 'ಸ್ಪಿನ್' ಎಂಬ ಗುಣದಿಂದಾಗಿ ಪುಟ್ಟ ಕಾಂತಸೂಜಿಯಂತೆ ವರ್ತಿಸುತ್ತದೆ. ಸೂಜಿಗೆ ಮೇಲ್ಮುಖ, ಕೆಳಮುಖ ಎಂಬ ಎರಡೇ ಸ್ಥಿತಿಗಳಿವೆಯೆಂದುಕೊಂಡರೂ, ಕ್ವಾಂಟಂ ನಿಯಮದಂತೆ ಅದು ಎರಡರ ಮಿಶ್ರಣದಲ್ಲಿರಬಲ್ಲದು. ಆದಕಾರಣ 10 ಸ್ಪಿನ್‌ಗಳ ವ್ಯವಸ್ಥೆಯನ್ನು ಪೂರ್ಣವಾಗಿ ವರ್ಣಿಸಲು 1,024 ಸಂಖ್ಯೆಗಳು ಬೇಕಾಗುತ್ತವೆ. 53 ಸ್ಪಿನ್‌ಗಳಿಗೆ ಸುಮಾರು 90 ಕೋಟಿ ಕೋಟಿ. 300ರ ಹೊತ್ತಿಗೆ ಈ ಸಂಖ್ಯೆ ಗೋಚರ ವಿಶ್ವದ ಪರಮಾಣುಗಳ ಎಣಿಕೆಯನ್ನೂ ಮೀರುತ್ತದೆ. ಇಂತಹ ಲೆಕ್ಕ ಯಾವ ಸಾಮಾನ್ಯ ಗಣಕಯಂತ್ರಕ್ಕೂ ಎಟುಕದು.

ಕ್ವಾಂಟಂ ಪ್ರಕೃತಿಯನ್ನು ಅನುಕರಿಸುವ ಯಂತ್ರವೂ ಕ್ವಾಂಟಂ ನಿಯಮಗಳಿಗೆ ಒಳಪಟ್ಟಿರಬೇಕೆಂದು ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1981ರ ಉಪನ್ಯಾಸವೊಂದರಲ್ಲಿ ಪ್ರತಿಪಾದಿಸಿದರು. ಆ ವಿಚಾರವನ್ನು ಕಾರ್ಯರೂಪಕ್ಕಿಳಿಸಿದ ಸಾಧನಗಳಲ್ಲಿ ಬಂಧಿತ ಅಯಾನುಗಳು ಪ್ರಮುಖವಾದವು.

ಎಲೆಕ್ಟ್ರಾನೊಂದನ್ನು ಕಳೆದುಕೊಂಡು ಧನ ವಿದ್ಯುದಾವೇಶ ಪಡೆದ ಪರಮಾಣುವೇ ಇಲ್ಲಿ ಬಳಸುವ ಅಯಾನು. ಸ್ಥಿರ ವಿದ್ಯುತ್ ಕ್ಷೇತ್ರವೊಂದರಿಂದಲೇ ಅದನ್ನು ಹಿಡಿದಿಡಲು ಸಾಧ್ಯವಿಲ್ಲ. ಜರ್ಮನಿಯ ವೋಲ್ಫ್‌ಗಾಂಗ್ ಪೌಲ್ 1950ರ ದಶಕದಲ್ಲಿ ವೇಗವಾಗಿ ದಿಕ್ಕು ಬದಲಿಸುವ ಕ್ಷೇತ್ರವನ್ನು ಬಳಸಿ ಈ ತೊಡಕನ್ನು ನಿವಾರಿಸಿದರು. 1989ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಅವರಿಗೆ ಸಂದಿತು. ನಿರ್ವಾತದಲ್ಲಿ ಬಂಧಿಸಿ, ಲೇಸರ್ ಕಿರಣಗಳಿಂದ ತಂಪುಗೊಳಿಸಿದ ಅಯಾನುಗಳು ಪರಸ್ಪರ ವಿಕರ್ಷಣೆಯಿಂದ ಕೆಲವೇ ಮೈಕ್ರೋಮೀಟರ್ ಅಂತರದಲ್ಲಿ ಸಾಲಾಗಿ ನಿಲ್ಲುತ್ತವೆ.

ಪ್ರತಿ ಅಯಾನಿನ ಎರಡು ಆಂತರಿಕ ಶಕ್ತಿಸ್ಥಿತಿಗಳೇ ಮೇಲ್ಮುಖ, ಕೆಳಮುಖ ಸ್ಪಿನ್‌ಗಳ ಪಾತ್ರ ವಹಿಸುತ್ತವೆ. ಸ್ಥಿತಿಗನುಗುಣವಾಗಿ ಲೇಸರ್ ಒಂದನ್ನು ತಳ್ಳಿದಾಗ ಇಡೀ ಸಾಲು ಕಂಪಿಸುತ್ತದೆ. ಆ ಕಂಪನದ ಮೂಲಕ ದೂರದ ಅಯಾನಿಗೂ ಪ್ರಭಾವ ತಲುಪುತ್ತದೆ. ಲೇಸರನ್ನು ಹೊಂದಿಸಿ ಈ ಪ್ರಭಾವದ ಬಲವನ್ನು ಬೇಕಾದಂತೆ ಬದಲಿಸಬಹುದು. ಕೊನೆಯಲ್ಲಿ ಇನ್ನೊಂದು ಲೇಸರ್ ಹಾಯಿಸಿದರೆ ಒಂದು ಸ್ಥಿತಿಯ ಅಯಾನು ಹೊಳೆಯುತ್ತದೆ, ಮತ್ತೊಂದು ಸ್ಥಿತಿಯದು ಕತ್ತಲಾಗಿಯೇ ಉಳಿಯುತ್ತದೆ. ಕ್ಯಾಮೆರಾ ಅದನ್ನು ನೇರವಾಗಿ ಓದುತ್ತದೆ.

2008ರಲ್ಲಿ ಜರ್ಮನಿಯ ಗಾರ್ಶಿಂಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಎರಡು ಅಯಾನುಗಳಿಂದ ಕ್ವಾಂಟಂ ಅಯಸ್ಕಾಂತದ ಅನುಕರಣೆ ನಡೆಯಿತು. 2010ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಮನ್ರೋ ತಂಡ ಮೂರು ಯಿಟರ್ಬಿಯಂ ಅಯಾನುಗಳನ್ನು ಬಳಸಿತು. ಮೂವರೂ ಪರಸ್ಪರ ವಿರುದ್ಧ ದಿಕ್ಕಿಗೆ ಮುಖ ಮಾಡಬೇಕೆಂದರೆ ಎರಡೇ ದಿಕ್ಕುಗಳಿರುವಾಗ ಒಬ್ಬರಿಗಾದರೂ ನಿಯಮ ತಪ್ಪುತ್ತದೆ. ಸ್ಪಿನ್‌ಗಳ ಇಂತಹ ಇಕ್ಕಟ್ಟನ್ನೇ ಆ ಪ್ರಯೋಗ ಕಾಣಿಸಿತು. 2016ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ ನಾಲ್ಕು ಅಯಾನುಗಳು ಕಣ ಮತ್ತು ಪ್ರತಿಕಣಗಳ ಉತ್ಪತ್ತಿಯನ್ನು ಅನುಕರಿಸಿದವು. 2017ರಲ್ಲಿ ಮೇರಿಲ್ಯಾಂಡ್ ತಂಡ 53 ಅಯಾನುಗಳನ್ನು ತಲುಪಿತು. 2024ರಲ್ಲಿ ಚೀನಾದ ಚಿಂಗ್ಹ್ವಾ ವಿಶ್ವವಿದ್ಯಾಲಯದ ತಂಡ 300 ಅಯಾನುಗಳ ಸಮತಲ ಜೋಡಣೆಯಿಂದ ಅನುಕರಣೆ ನಡೆಸಿ ವರದಿ ಮಾಡಿತು.

ಸಂಖ್ಯೆ ಬೆಳೆದಂತೆ ಒಂದು ಗಂಭೀರ ಪ್ರಶ್ನೆಯೂ ಬೆಳೆದಿದೆ. ಗಣಕಯಂತ್ರ ಮಾಡಲಾರದ ಲೆಕ್ಕವನ್ನು ಅಯಾನುಗಳು ಮಾಡಿದರೆ, ಉತ್ತರ ಸರಿಯೆಂದು ನಂಬುವುದು ಹೇಗೆ? ಲೇಸರಿನ ಏರಿಳಿತ, ಅನಗತ್ಯ ಕಂಪನಗಳು ಫಲಿತಾಂಶವನ್ನು ಕೆಡಿಸಬಲ್ಲವು. ಆದುದರಿಂದ ವಿಜ್ಞಾನಿಗಳು ಮೊದಲು ಕಡಿಮೆ ಅಯಾನುಗಳೊಡನೆ, ಅಥವಾ ಉತ್ತರ ಮೊದಲೇ ತಿಳಿದಿರುವ ಸನ್ನಿವೇಶದಲ್ಲಿ, ಯಂತ್ರವನ್ನು ಲೆಕ್ಕಕ್ಕೆ ಹೋಲಿಸುತ್ತಾರೆ. ತಟಸ್ಥ ಪರಮಾಣುಗಳಂತಹ ಬೇರೆ ಬಗೆಯ ಅನುಕರಣ ಯಂತ್ರಗಳೊಡನೆ ತಾಳೆ ನೋಡುವುದು ಮತ್ತೊಂದು ಮಾರ್ಗ. ಅವುಗಳ ದೋಷಗಳು ಬೇರೆಯಾದ್ದರಿಂದ, ಎರಡೂ ಒಂದೇ ಉತ್ತರ ಕೊಟ್ಟರೆ ಭರವಸೆ ಹೆಚ್ಚುತ್ತದೆ.