ಬೆನ್ನು ತೆರೆದ ಸ್ಪೀಕರ್‌ಗಳು: ವಾಲ್ವ್ ರೇಡಿಯೋದಿಂದ ಮುಂಬೈ ಫ್ಲ್ಯಾಟಿನವರೆಗೆ

'ಓಪನ್ ಬ್ಯಾಫಲ್' ಅಂದರೆ ಯಾವುದೋ ಹೊಸ ವಿಲಾಯಿತಿ ಸರಕು ಅನ್ನಿಸುತ್ತದೆ. ಹಾಗೇನಿಲ್ಲ. ಐವತ್ತು ದಾಟಿದ ನಾವೆಲ್ಲ ಅದರಲ್ಲೇ ಹಾಡು ಕೇಳಿ ಬೆಳೆದವರು! ಗೋಡೆಯ ಹಲಗೆಯ ಮೇಲೆ ಕೂತಿದ್ದ ವಾಲ್ವ್ ರೇಡಿಯೋ ನೆನಪಿಸಿಕೊಳ್ಳಿ. ಮುಂದೆ ಬಟ್ಟೆಯ ಪರದೆ, ಮೂಲೆಯಲ್ಲಿ ಹಸಿರು ಕಣ್ಣು, ಹಿಂದೆ ತೂತು ಕೊರೆದ ರಟ್ಟು. ವಾಲ್ವ್‌ಗಳ ಬಿಸಿ ಹೊರಗೆ ಹೋಗಬೇಕಲ್ಲ, ಅದಕ್ಕೇ ಬೆನ್ನು ತೆರೆದೇ ಇರುತ್ತಿತ್ತು. ಸ್ಪೀಕರಿನ ಹಿಂದಿನ ಸದ್ದೂ ಅದೇ ದಾರಿಯಲ್ಲಿ ಹೊರಗೆ ಬರುತ್ತಿತ್ತು. ಓಪನ್ ಬ್ಯಾಫಲ್ ಅಂದರೆ ಇಷ್ಟೇ: ಒಂದು ಹಲಗೆ, ಅದರಲ್ಲೊಂದು ತೂತು, ತೂತಿನಲ್ಲಿ ಸ್ಪೀಕರು. ಪೆಟ್ಟಿಗೆ ಇಲ್ಲ.

ನಮ್ಮ ಮನೆಗೆ ಹೊಸ ಸ್ಪೀಕರ್ ಜೋಡಿ ಬೇಕು ಅಂತ ಹುಡುಕಲು ಹೊರಟಾಗ ಈ ಇತಿಹಾಸದ ಹಿಂದೆ ಬಿದ್ದೆ. ನಾನು ಓದಿದ್ದು ಬಿ.ಕಾಂ., ಕೆಲಸ ಬ್ಯಾಂಕಿನದು. ಆದರೂ ಲೆಕ್ಕ ಬರುತ್ತದೆ, ಅಷ್ಟು ಸಾಕಾಯಿತು!

ಹಲಗೆ ಯಾಕೆ ಬೇಕು? ಸ್ಪೀಕರಿನ ಕಾಗದದ ಕೋನು ಮುಂದಕ್ಕೆ ಸರಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನದು ಸಡಿಲವಾಗುತ್ತದೆ. ಎರಡೂ ಅಂಚಿನಲ್ಲಿ ಸೇರಿದರೆ ಜಮಾ-ಖರ್ಚು ಸರಿಹೋಗಿ ಬಾಕಿ ಸೊನ್ನೆ! ತಗ್ಗಿನ ಸ್ವರಗಳಲ್ಲಿ ಈ ನಷ್ಟ ಹೆಚ್ಚು. ಇಂದಿನ ಸ್ಪೀಕರುಗಳ ಮೂಲಪುರುಷರಾದ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ 1925ರಲ್ಲಿ ಕೊಳವೆ ಇಲ್ಲದ ಸ್ಪೀಕರ್ ಬಗ್ಗೆ ಬರೆದಾಗಲೇ ಇಂಥ ತಡೆಹಲಗೆಯ ಅಗತ್ಯವನ್ನು ತೋರಿಸಿದ್ದರು.

ಅದೇ ಕಾಲಕ್ಕೆ ನಮ್ಮಲ್ಲೂ ರೇಡಿಯೋ ಬಂತು. ಮುಂಬೈ ನಿಲಯ ಶುರುವಾದದ್ದು 1927ರ ಜುಲೈ 23ರಂದು. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ನಿಲಯ ತೆರೆದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಯದೇ. 1950ರಲ್ಲಿ ಧಾರವಾಡ ನಿಲಯ ಬಂತು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರ ದನಿ ಮನೆಮನೆ ತಲುಪಿದ್ದು ಹೀಗೆ ಬೆನ್ನು ತೆರೆದ ಪೆಟ್ಟಿಗೆಗಳಿಂದ. ಇಲ್ಲೇ ನಮ್ಮ ಪಕ್ಕದ ಠಾಣೆಯಲ್ಲಿ ಮರ್ಫಿ ರೇಡಿಯೋದ ಕಾರ್ಖಾನೆ ಇತ್ತು.

ಆ ರೇಡಿಯೋದಲ್ಲಿ ಕೇಳುತ್ತಿದ್ದದ್ದಾದರೂ ಎಷ್ಟು? ಒಂದು ಲೆಕ್ಕ ನೋಡಿ. ಗಂಡಸರು 'ಕರಿ ಒಂದು' ಶ್ರುತಿಯಲ್ಲಿ ಹಾಡಿದರೆ ಅವರ ಷಡ್ಜ ಸುಮಾರು 139 ಹರ್ಟ್ಜ್. ತಂಬೂರಿಯ ಖರಜದ ತಂತಿ ಅದರ ಅರ್ಧ, 69. ಎರಡಡಿ ಅಗಲದ ರೇಡಿಯೋದಲ್ಲಿ ಸುಮಾರು 200 ಹರ್ಟ್ಜ್‌ನ ಕೆಳಗೆ ಸದ್ದು ಸೊರಗುತ್ತಾ ಹೋಗುತ್ತದೆ. 69ರವರೆಗೂ ಸೊರಗದಿರಬೇಕಾದರೆ ಐದೂವರೆ ಅಡಿ ಅಗಲದ ಹಲಗೆಯೇ ಬೇಕು! ಅಂದರೆ ಖರಜವನ್ನು ನಾವು ಕೇಳಿದ್ದು ಕಡಿಮೆ, ಊಹಿಸಿಕೊಂಡದ್ದು ಹೆಚ್ಚು. ತಂತಿಯ ಮೇಲಿನ ಉಪಸ್ವರಗಳು ಕಿವಿಗೆ ಬಿದ್ದರೆ ಕೆಳಗಿನ ಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಆದರೆ ಕಂಠ ಮಾತ್ರ ಎದುರಿಗೆ ಕೂತು ಹಾಡಿದಷ್ಟು ಸಲೀಸು. ಡಬ್ಬದೊಳಗಿಂದ ಬಂದ ಹಾಗೆ ಇರುತ್ತಿರಲಿಲ್ಲ.

ಹಾಗಾದರೆ ಈ ಪದ್ಧತಿ ಹಿಂದೆ ಸರಿದದ್ದು ಯಾಕೆ? ಜಾಗದ ಕಾರಣಕ್ಕೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಪೂರ್ತಿ ಮುಚ್ಚಿದ ಚಿಕ್ಕ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ ಆಳವಾದ ಸ್ವರ ಹೊರಡಿಸಿದ. ಕೆಲವೇ ವರ್ಷಗಳಲ್ಲಿ ಸ್ಟೀರಿಯೋ ರೆಕಾರ್ಡುಗಳು ಬಂದವು, ಮನೆಗೆ ಒಂದರ ಬದಲು ಎರಡು ಸ್ಪೀಕರು ಬೇಕಾದವು. ಎರಡು ದೊಡ್ಡ ಹಲಗೆ ಯಾರು ಇಡುತ್ತಾರೆ? ಪೆಟ್ಟಿಗೆಗಳು ಗೆದ್ದವು. ನಮ್ಮಲ್ಲೂ ಕಾಸ್ಮಿಕ್, ಸೋನೋಡೈನ್ ಕಾಲದಲ್ಲಿ ಶೋಕೇಸಿನ ಎಡಬಲಕ್ಕೆ ಎರಡು ಪೆಟ್ಟಿಗೆ ಇದ್ದರೆ ಅದೇ ಶ್ರೀಮಂತಿಕೆ!

ಬೆನ್ನು ತೆರೆದ ದಾರಿಯನ್ನು ಬಿಡದವರೂ ಇದ್ದರು. ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕ್ವಾಡ್ ಕಂಪನಿ 1957ರಲ್ಲಿ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಮಾರಾಟಕ್ಕಿಟ್ಟಿತು. ಕೋನಿನ ಬದಲು ತೆಳ್ಳನೆಯ ಹಾಳೆ, ಸಾವಿರಾರು ವೋಲ್ಟ್ ವಿದ್ಯುತ್ತು. 1969ರಲ್ಲಿ ಅಮೆರಿಕದ ಜಿಮ್ ವೈನಿ ಶುರುಮಾಡಿದ ಮ್ಯಾಗ್ನೆಪ್ಯಾನ್‌ನಲ್ಲಿ ಹಾಳೆಗೆ ತಂತಿ ಅಂಟಿಸಿ ಅಯಸ್ಕಾಂತಗಳ ಎದುರು ಕುಣಿಸಿದರು. ಇವೇ ಪ್ಲೇನಾರ್ ಸ್ಪೀಕರುಗಳು. ನೋಡಲು ಬಾಗಿಲಿನ ಹಾಗೆ! ನಮ್ಮ ಪುಣೆಯ ಕೇಡೆನ್ಸ್ ಕಂಪನಿಯೂ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರು ತಯಾರಿಸಿ ಹೆಸರು ಮಾಡಿತ್ತು. ಹಲಗೆಯ ಪದ್ಧತಿಗೆ ಮರುಜೀವ ಕೊಟ್ಟವರಲ್ಲಿ 2018ರಲ್ಲಿ ತೀರಿಕೊಂಡ ಜೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮುಖ್ಯರು. ಸೊರಗುವ ತಗ್ಗು ಸ್ವರವನ್ನು ಎಲೆಕ್ಟ್ರಾನಿಕ್ಸ್‌ನಿಂದ ಎತ್ತಿ ಕೊಟ್ಟರೆ ಚಿಕ್ಕ ಹಲಗೆಯೂ ಸಾಕು ಎಂದು ತೋರಿಸಿದರು.

ಈಗ ಮುಂಬೈಗೆ ಬರೋಣ. ನಮ್ಮ ಬಿಲ್ಡಿಂಗುಗಳಲ್ಲಿ ಒಂದೇ ಗೋಡೆಗೆ ಆಚೆ ಪಕ್ಕದವರು, ಈಚೆ ನಾವು. ಇಲ್ಲಿ ಓಪನ್ ಬ್ಯಾಫಲ್‌ಗೆ ಒಂದು ದೊಡ್ಡ ಗುಣವಿದೆ. ಮುಂದಿನ ಹಿಂದಿನ ಸದ್ದು ಅಕ್ಕಪಕ್ಕದಲ್ಲಿ ಪರಸ್ಪರ ಅಳಿಸಿಹೋಗುವುದರಿಂದ ಪಕ್ಕದ ಗೋಡೆಗೆ ಬಾಸ್ ಕಡಿಮೆ ಬಡಿಯುತ್ತದೆ. ಲೆಕ್ಕದ ಪ್ರಕಾರ, ಎಲ್ಲ ದಿಕ್ಕಿಗೂ ಸಮನಾಗಿ ಸದ್ದು ಬಿಡುವ ಸ್ಪೀಕರಿಗೆ ಹೋಲಿಸಿದರೆ ಕೋಣೆಗೆ ಸುರಿಯುವ ಒಟ್ಟು ಶಕ್ತಿ ಮೂರನೇ ಒಂದು ಪಾಲು ಮಾತ್ರ.

ಆದರೆ ಸಾಲದ ಕರಾರು ಕೊನೆಯ ಪುಟದಲ್ಲಿರುತ್ತದಲ್ಲ! ಪ್ಲೇನಾರ್ ಇರಲಿ, ಹಲಗೆ ಇರಲಿ, ಹಿಂದಿನ ಗೋಡೆಯಿಂದ ಮೂರಡಿಯಾದರೂ ದೂರ ಬೇಕು. ಇಲ್ಲದಿದ್ದರೆ ಗೋಡೆಯಿಂದ ಮರಳಿದ ಸದ್ದು ಕಂಠವನ್ನೇ ಕಲಸಿಬಿಡುತ್ತದೆ. ನಮ್ಮ ಹಾಲು ಹತ್ತಡಿ ಅಗಲ, ಹದಿನೈದಡಿ ಉದ್ದ. ಹತ್ತಡಿ ಗೋಡೆಯುದ್ದಕ್ಕೂ ಮೂರಡಿ ಬಿಟ್ಟರೆ ಮೂವತ್ತು ಚದರ ಅಡಿ. ಚದರ ಅಡಿಗೆ ಹತ್ತು ಸಾವಿರ ಅಂತ ಹಿಡಿದರೂ ಮೂರು ಲಕ್ಷ ರೂಪಾಯಿಯ ನೆಲ ಬರೀ ಸದ್ದು ಓಡಾಡಲು! ಸ್ಪೀಕರಿಗಿಂತ ಅದರ ಹಿಂದಿನ ಖಾಲಿ ಜಾಗವೇ ದುಬಾರಿ. ಯಾವ ಅಂಗಡಿಯವನೂ ಈ ಬಿಲ್ಲು ತೋರಿಸುವುದಿಲ್ಲ.

ಪ್ಲೇನಾರ್ ಕೈಬಿಡಲು ನನಗೆ ಇನ್ನೆರಡು ಕಾರಣಗಳಿದ್ದವು. ಮ್ಯಾಗ್ನೆಪ್ಯಾನ್ ಥರದವಕ್ಕೆ ಭಾರಿ ಆಂಪ್ಲಿಫಯರ್ ಬೇಕು. ಎಲೆಕ್ಟ್ರೋಸ್ಟ್ಯಾಟಿಕ್‌ಗೆ ತೇವ, ಧೂಳು ಎರಡೂ ಆಗದು. ಅವೆರಡೂ ನಮ್ಮಲ್ಲಿ ಧಾರಾಳ!

ಕೊನೆಗೆ ಪ್ಲೈವುಡ್ಡಿನ ಎರಡು ಹಲಗೆ ಮಾಡಿಸಿದೆ, ಅಗಲ ಎರಡಡಿ, ಕೆಳಗೆ ಗಾಲಿಗಳು. ವಾರವಿಡೀ ಗೋಡೆಗೆ ಒರಗಿರುತ್ತವೆ. ಭಾನುವಾರ ಬೆಳಿಗ್ಗೆ ಟೀಪಾಯಿ ಸರಿಸಿ ಮುಂದಕ್ಕೆ ಎಳೆಯುತ್ತೇನೆ. ಚಾಳಿನಲ್ಲಿ ಹಗಲು ಮಡಚಿ ರಾತ್ರಿ ಬಿಡಿಸುವ ಮಂಚದ ಹಾಗೆ. ಖರಜ ಈಗಲೂ ಸ್ವಲ್ಪ ಸೊರಗುತ್ತದೆ, ಇರಲಿ. ಮನಸೂರರು ಎರಡು ಸ್ವರಗಳ ನಡುವೆ ಎಳೆದುಕೊಳ್ಳುವ ಉಸಿರು ಕೇಳಿಸುತ್ತದೆ.

ನೀವೂ ಕೊಳ್ಳುವ ಯೋಚನೆಯಲ್ಲಿದ್ದರೆ ಮೊದಲು ಅಂಗಡಿಗೆ ಹೋಗಬೇಡಿ. ಒಂದು ಅಳತೆ ಪಟ್ಟಿ ಹಿಡಿದು ನಿಮ್ಮ ಹಾಲಿನಲ್ಲಿ ಗೋಡೆಯಿಂದ ಮೂರಡಿ ಅಳೆದು ಸೀಮೆಸುಣ್ಣದ ಗೆರೆ ಹಾಕಿ. ಮನೆಯವರು ಒಂದು ವಾರ ಆ ಗೆರೆಯನ್ನು ಸಹಿಸಿಕೊಂಡರೆ ಮುಂದುವರಿಯಿರಿ. ಇಲ್ಲವಾದರೆ ಒಳ್ಳೆಯ ಮುಚ್ಚಿದ ಪೆಟ್ಟಿಗೆಯೇ ಸರಿ, ಅದರಲ್ಲಿ ಅವಮಾನವೇನೂ ಇಲ್ಲ.