ಕಳ್ಳಭಟ್ಟಿಯ ಕಾರು ಕಣಕ್ಕೆ ಬಂದ ಕಥೆ



ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಎರಡು ಕಾರುಗಳು ಜಿದ್ದಿಗೆ ಬಿದ್ದು ಓಡುವುದನ್ನು ಬಸ್ಸಿನ ಕಿಟಕಿಯಿಂದ ನೀವು ಕಂಡಿರಬಹುದು. ‘ಇದೂ ರೇಸೇ ಅಲ್ಲವೆ?’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಅಲ್ಲ. ಏಕೆ ಅಲ್ಲವೆಂದು ತಿಳಿಯಲು ಅಮೆರಿಕದ ‘ಸ್ಟಾಕ್ ಕಾರ್’ ಪಂದ್ಯದ ಚರಿತ್ರೆಯನ್ನು ನೋಡೋಣ.

‘ಸ್ಟಾಕ್’ ಎಂದರೆ ಅಂಗಡಿಯಲ್ಲಿರುವ ದಾಸ್ತಾನು. ಫಾರ್ಮುಲಾ ಕಾರನ್ನು ಓಟಕ್ಕೆಂದೇ ಕಟ್ಟುತ್ತಾರೆ. ಸ್ಟಾಕ್ ಕಾರು ಹಾಗಲ್ಲ. ಮನೆಮಂದಿ ಕೊಂಡು ಓಡಿಸುವ ಕಾರನ್ನೇ ಕಣಕ್ಕಿಳಿಸುವುದು ಇದರ ಮೂಲ ಕಲ್ಪನೆ. ಇಂದು ಹೊರರೂಪವಷ್ಟೇ ಅಂಗಡಿಯ ಕಾರಿನದು; ಒಳಗೆ ಚಾಲಕನ ಸುತ್ತ ಉಕ್ಕಿನ ಕೊಳವೆಗಳ ಪಂಜರವಿರುತ್ತದೆ.

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿರೋಧವಿತ್ತು. ಆಗಲೂ, ತೆರಿಗೆ ತಪ್ಪಿಸಲು ಆಮೇಲೂ, ದಕ್ಷಿಣದ ಬೆಟ್ಟಸೀಮೆಯವರು ಕಳ್ಳಭಟ್ಟಿ ಸಾರಾಯಿಯನ್ನು ಕಾರುಗಳಲ್ಲಿ ರಾತ್ರೋರಾತ್ರಿ ಸಾಗಿಸುತ್ತಿದ್ದರು. ಅಧಿಕಾರಿಗಳ ಕೈಗೆ ಸಿಗದಿರಲು ಎಂಜಿನ್ನಿನ ಬಲ ಹೆಚ್ಚಿಸಿದರು. ಭಾರಕ್ಕೆ ಕುಗ್ಗದಂತೆ ಸ್ಪ್ರಿಂಗುಗಳನ್ನು ಮಾರ್ಪಡಿಸಿದರು. ಬಿಡುವಿನ ದಿನಗಳಲ್ಲಿ ಇಂಥ ಕಾರುಗಳು ಮಣ್ಣಿನ ಕಣಗಳಲ್ಲಿ ಪಂದ್ಯ ಕಟ್ಟಿ ಓಡಿದವು. ಆದರೆ ಕಣಕ್ಕೊಂದು ನಿಯಮ. ಬಹುಮಾನದ ಹಣಕ್ಕೂ ಭರವಸೆಯಿರಲಿಲ್ಲ. 1948ರಲ್ಲಿ ಬಿಲ್ ಫ್ರಾನ್ಸ್ ಎಂಬಾತ ಎಲ್ಲರನ್ನೂ ಒಂದೇ ನಿಯಮಕ್ಕೆ ಒಳಪಡಿಸುವ ‘ನಾಸ್ಕಾರ್’ ಸಂಸ್ಥೆಯನ್ನು ಆರಂಭಿಸಿದರು.

ಪರೀಕ್ಷೆ ಬೇಗನೆ ಬಂತು. 1949ರ ಜೂನ್ 19ರಂದು ಷಾರ್ಲಟ್ ನಗರದಲ್ಲಿ ನಡೆದ ಮೊದಲ ‘ಅಪ್ಪಟ ಸ್ಟಾಕ್’ ಪಂದ್ಯದಲ್ಲಿ ಗ್ಲೆನ್ ಡನವೇ ಮುಂದಾಗಿ ಗುರಿ ಮುಟ್ಟಿದರು. ತಪಾಸಣೆಯಲ್ಲಿ ಅವರ ಕಾರಿನ ಹಿಂಬದಿಯ ಸ್ಪ್ರಿಂಗುಗಳು ಕಳ್ಳಸಾಗಣೆಯ ಕಾರಿನಂತೆಯೇ ಮಾರ್ಪಟ್ಟಿದ್ದುದು ಕಂಡುಬಂತು. ಗೆಲುವು ಜಿಮ್ ರೋಪರ್ ಪಾಲಾಯಿತು. ಕಾರಿನ ಮಾಲೀಕ ನ್ಯಾಯಾಲಯಕ್ಕೆ ಹೋದರೂ ಸೋತರು. ಆಟವಾಗಿ ಅದು ನಿಂತದ್ದು ಅಂದೇ ಎನ್ನಬಹುದು.

ಮುಂದೆ 1959ರಲ್ಲಿ ಡೇಟೋನಾದಲ್ಲಿ ಸುಮಾರು 4 ಕಿಲೋಮೀಟರ್ ಸುತ್ತಳತೆಯ ಕಣ ಸಿದ್ಧವಾಯಿತು. ಅದರ ತಿರುವುಗಳು 31 ಡಿಗ್ರಿ ಓರೆಯಾಗಿವೆ. ಏಕೆಂದು ಭೌತಶಾಸ್ತ್ರ ಓದುವವರು ಊಹಿಸಬಲ್ಲಿರಿ. ಸಮತಟ್ಟು ತಿರುವಿನಲ್ಲಿ ಕಾರನ್ನು ಹಿಡಿದಿಡಲು ಟೈರಿನ ಘರ್ಷಣೆಯೊಂದೇ ಆಸರೆ. ಓರೆಯಾದಾಗ ನೆಲವೇ ಕಾರನ್ನು ಒಳಮುಖವಾಗಿ ಒತ್ತುತ್ತದೆ. ಅಲ್ಲಿ 1960ರ ಪಂದ್ಯ ಗೆದ್ದ ಜೂನಿಯರ್ ಜಾನ್ಸನ್ ಹಿಂದೆ ಕಳ್ಳಭಟ್ಟಿ ಪ್ರಕರಣದಲ್ಲಿ ಸೆರೆಮನೆ ಕಂಡವರು! ಮುಂದಿನ ಕಾರು ಗಾಳಿಯನ್ನು ಸೀಳುವಾಗ ಅದರ ಬೆನ್ನಿಗೆ ಅಂಟಿಕೊಂಡು ಹೋದರೆ ನಮ್ಮ ಕಾರಿಗೆ ಗಾಳಿಯ ತಡೆ ಕಡಿಮೆ ಎಂಬುದನ್ನು ಅವರು ಬಳಸಿಕೊಂಡರು.

ಪಂದ್ಯ ನೋಡುವಾಗ ಬಾವುಟಗಳನ್ನು ಗಮನಿಸಿ. ಹಸಿರು ಆರಂಭಕ್ಕೆ, ಹಳದಿ ಅಪಾಯದ ಎಚ್ಚರಿಕೆಗೆ, ಕಪ್ಪು-ಬಿಳಿ ಚೌಕುಳಿ ಮುಕ್ತಾಯಕ್ಕೆ. ಹಳದಿ ಕಂಡೊಡನೆ ಎಂಥ ವೀರನೂ ವೇಗ ತಗ್ಗಿಸಲೇಬೇಕು.

ಕೆಲವು ನಿಯಮಗಳಿಗೆ ಪ್ರಾಣವೇ ಬೆಲೆಯಾಯಿತು. 2001ರ ಫೆಬ್ರವರಿ 18ರಂದು ಡೇಟೋನಾದ ಕೊನೆಯ ಸುತ್ತಿನಲ್ಲಿ, ಏಳು ಬಾರಿಯ ಚಾಂಪಿಯನ್ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಬಡಿದು ಮಡಿದರು. ತಲೆ ಮುಂದಕ್ಕೆ ಚಿಮ್ಮದಂತೆ ಹೆಲ್ಮೆಟ್ಟನ್ನು ಬಿಗಿಯುವ ಸಾಧನ ಆ ವರ್ಷವೇ ಕಡ್ಡಾಯವಾಯಿತು. ಬಳಿಕ ಪೆಟ್ಟನ್ನು ಹೀರುವ ಗೋಡೆಗಳು ಬಂದವು.

ನಮ್ಮಲ್ಲೂ ಅಂಗಡಿಯ ಕಾರುಗಳು ಓಡಿವೆ. ಮದರಾಸಿನ ಬಳಿಯ ಷೋಳವರಂನ ಹಳೆಯ ವಿಮಾನಪಥದಲ್ಲಿ ಫಿಯೆಟ್, ಅಂಬಾಸಿಡರ್‌ಗಳ ಪಂದ್ಯ ನೋಡಲು ಜನ ಸೇರುತ್ತಿದ್ದರು. 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್, ಕೋಲಾರದ ಕಡೆಯಲ್ಲೇ ಬೈಕ್ ಸವಾರರಿಗೆ ಮಣ್ಣಿನ ಹಾದಿಯ ತರಬೇತಿ ಕಣ ಕಟ್ಟಿದರು.

ಈಗ ಮೊದಲ ಪ್ರಶ್ನೆಗೆ ಬರೋಣ. ಕಣದಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ; ಅಪಾಯ ಬಲ್ಲವರೇ ಅಲ್ಲಿರುತ್ತಾರೆ; ಆಂಬುಲೆನ್ಸ್ ಸಿದ್ಧವಿರುತ್ತದೆ. ಹೆದ್ದಾರಿಯಲ್ಲಿ ಶ್ರೀನಿವಾಸಪುರದ ಮಾವಿನ ಲಾರಿ, ಮಾಲೂರಿನ ಇಟ್ಟಿಗೆಯ ಟ್ರ್ಯಾಕ್ಟರು, ರಸ್ತೆ ದಾಟುವ ಶಾಲೆಯ ಮಗು ಇರುತ್ತವೆ. ಹಳದಿ ಬಾವುಟ ತೋರಿಸುವವರು ಯಾರೂ ಇಲ್ಲ. ವೇಗ ಇಮ್ಮಡಿಯಾದರೆ ಢಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮೋಟಾರು ವಾಹನ ಕಾಯ್ದೆಯ 189ನೇ ಕಲಮು ಅನುಮತಿಯಿಲ್ಲದ ರಸ್ತೆ ರೇಸನ್ನು ಅಪರಾಧವೆನ್ನುತ್ತದೆ. 2019ರ ತಿದ್ದುಪಡಿಯಂತೆ ಮೊದಲ ಸಲವೇ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಕಳ್ಳಭಟ್ಟಿಯ ಚಾಲಕರೇ ರಸ್ತೆ ಬಿಟ್ಟು ಕಣಕ್ಕೆ ಬಂದರು, ನಿಯಮಕ್ಕೆ ತಲೆಬಾಗಿದರು. ವೇಗದ ಆಸೆಯಿದ್ದರೆ ನೀವೂ ಕಣಕ್ಕೇ ಹೋಗಿ. ಕಲಿಸುವವರು ಹತ್ತಿರದಲ್ಲೇ ಇದ್ದಾರೆ.